ಋಣದ ಗಾಳಿ

ಹೋದ ವಾರ ಮಗಳು ಗಾಳಿ ಶುದ್ಧ ಮಾಡುವ ಯಂತ್ರವೊಂದನ್ನು ತಂದು ನಮ್ಮ ಕೋಣೆಯಲ್ಲಿಟ್ಟಳು. ನಮ್ಮ ಯಜಮಾನರಿಗೆ ಈಚೆಗೆ ಉಸಿರು ಸ್ವಲ್ಪ ಕಷ್ಟ. ಗುಂಡಿ ಒತ್ತಿದೊಡನೆ ಹಸಿರು ದೀಪ ಹತ್ತಿ, ಸಿಡಿಲು ಬಡಿದ ಮೇಲೆ ಬರುವಂಥ ಚುರುಕು ವಾಸನೆಯೊಂದು ಹರಡಿತು. ಅದು ಋಣ ಅಯಾನುಗಳನ್ನು, ಎಂದರೆ ನೆಗೆಟಿವ್ ವಿದ್ಯುತ್ತಿನ ಕಣಗಳನ್ನು, ಗಾಳಿಗೆ ಬಿಡುತ್ತದಂತೆ. ನನಗೆ ನಗು ಬಂತು. ಋಣ ಅಯಾನಿನ ವಿಷಯದಲ್ಲಿ ನಾನು ಹಳೇ ಗಿರಾಕಿ, ಕೇಳಿ.

ಎಪ್ಪತ್ತರ ದಶಕದಲ್ಲಿ ಮದುವೆಯಾಗಿ ಚಳ್ಳಕೆರೆಯಿಂದ ರಾಜಾಜಿನಗರಕ್ಕೆ ಬಂದೆ. ಮೊದಲ ವರ್ಷವೇ ಉಬ್ಬಸ ಹಿಡಿಯಿತು. ಪಕ್ಕದ ಶೆಡ್ಡಿನಲ್ಲಿ ಊದುಬತ್ತಿ ಹೊಸೆಯುತ್ತಿದ್ದರು. ಆ ಪುಡಿಯೋ, ಕಾರ್ಖಾನೆಗಳ ಹೊಗೆಯೋ, ಯಾರಿಗೆ ಗೊತ್ತು. ಒಗ್ಗರಣೆ ಹಾಕಿದರೂ ಸಾಕು, ಗೋಡೆ ಹಿಡಿದು ನಿಲ್ಲುತ್ತಿದ್ದೆ. ನಮ್ಮತ್ತೆ ಒಳ್ಳೆಯವರು, ಆದರೆ ಪುಕ್ಕಲು. ತವರಿನ ಒಣಹವೆಗೆ ಕಳಿಸೋಣ, ವಾಸಿಯಾದ ಮೇಲೆ ನೋಡೋಣ ಎನ್ನುತ್ತಿದ್ದರು. ಆ ‘ನೋಡೋಣ’ಕ್ಕೇ ನಾನು ಹೆದರುತ್ತಿದ್ದೆ. ಕಾಯಿಲೆಯೆಂದು ತವರಿಗೆ ಹೋದ ನಮ್ಮ ಬೀದಿಯ ಸೊಸೆಯೊಬ್ಬಳನ್ನು ಮತ್ತೆ ಯಾರೂ ಕರೆಸಿಕೊಂಡಿರಲಿಲ್ಲ. ನನಗೋ ಗಂಡನನ್ನು ಬಿಟ್ಟಿರಲು ಮನಸ್ಸೇ ಇರಲಿಲ್ಲ. ಈ ವಯಸ್ಸಿನಲ್ಲಿ ಅದನ್ನು ಹೇಳಿಕೊಳ್ಳಲು ನಾಚಿಕೆಯೇನು?

ಅವರು ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರು. ಬಾಯಿತಪ್ಪಿಯೂ ಸುಳ್ಳಾಡದ ಮನುಷ್ಯ. ನೆಂಟರ ಮಗುವನ್ನು ಮುದ್ದಾಗಿದೆ ಎನ್ನುವ ಮುಂಚೆಯೂ ಒಮ್ಮೆ ಯೋಚಿಸುವವರು. ಕಾಡುಬೆಟ್ಟಗಳ ಗಾಳಿಯಲ್ಲಿ ಋಣ ಅಯಾನು ಹೆಚ್ಚು, ಅದು ಉಸಿರಿಗೆ ಒಳ್ಳೆಯದು ಎಂದು ಎಲ್ಲೋ ಓದಿ, ಗಾಜಿನ ಬಾಟಲಿಯೊಂದರ ಮುಚ್ಚಳಕ್ಕೆ ತಂತಿ ತೂರಿಸಿ, ತುದಿಗೆ ಸಿಗರೇಟು ಪ್ಯಾಕಿನ ಬೆಳ್ಳಿಕಾಗದದ ಎರಡು ಎಲೆಗಳನ್ನು ತೂಗುಬಿಟ್ಟರು. ಗಾಜಿನ ಕಡ್ಡಿಯನ್ನು ರೇಷ್ಮೆಗೆ ತಿಕ್ಕಿ ತಂತಿಗೆ ಮುಟ್ಟಿಸಿದರೆ ಎಲೆಗಳು ಮುನಿಸಿಕೊಂಡ ಗಂಡಹೆಂಡಿರ ಹಾಗೆ ದೂರ ದೂರ ನಿಲ್ಲುತ್ತವೆ. ಗಾಳಿಯಲ್ಲಿ ಋಣ ಅಯಾನು ಹೆಚ್ಚಿದ್ದಷ್ಟೂ ಬೇಗ ಹತ್ತಿರವಾಗುತ್ತವೆ. ರೇಷ್ಮೆ ಯಾವುದು ಅಂತೀರಾ? ನನ್ನ ಧಾರೆ ಸೀರೆಯ ಸೆರಗು.

ಭಾನುವಾರ ಬಂದರೆ ಮಾಗಡಿ ರಸ್ತೆಯ ಬಸ್ಸು. ಬ್ಯಾಡರಹಳ್ಳಿ ದಾಟಿದರೆ ರಾಗಿ ಹೊಲಗಳು, ಕೊನೆಗೆ ಸಾವನದುರ್ಗದ ಬುಡದ ಕಾಡು. ತೊಡೆಯ ಮೇಲಿನ ಬಾಟಲಿ ನೋಡಿ ಕಂಡಕ್ಟರು ಉಪ್ಪಿನಕಾಯಿಯೇ ಎಂದು ಕೇಳಿದ್ದೂ ಉಂಟು. ಮಾರ್ಗಶಿರದ ಮಂಜಿನಲ್ಲಿ ಅಯಾನುಗಳು ಹನಿಗಳಿಗೆ ಅಂಟಿಕೊಂಡು ಭಾರವಾಗುತ್ತವೆ ಎಂದರು. ಚೈತ್ರದ ಬಿಸಿಲಲ್ಲಿ ದೂರ ನಿಂತ ಎಲೆಗಳು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಗಾಳಿ ಒಣಗಿದೆ, ತೊರೆ ಬತ್ತಿದೆ, ಅಯಾನು ಎಲ್ಲಿಂದ ಬರಬೇಕು ಎಂದರು. ಮಳೆ ಬಿದ್ದು ನಿಂತ ಹೊತ್ತೇ ಶ್ರೇಷ್ಠ ಎಂಬುದು ಅವರ ವಾದ. ಆ ಕಾಡಿನಲ್ಲಿ ನನಗೆ ಉಸಿರು ಸಲೀಸಾಗಿದ್ದಂತೂ ನಿಜ. ಆದರೆ ಮನೆಯಲ್ಲಿ, ಮಳೆ ಬಂದ ದಿನ, ಅವರು ಬಾಟಲಿಯನ್ನು ಹೊರಗೇ ತೆಗೆಯುತ್ತಿರಲಿಲ್ಲ. ಏಕೆಂದು ನಾನೂ ಕೇಳಲಿಲ್ಲ.

ಶ್ರಾವಣದಲ್ಲಿ ನನ್ನನ್ನು ಕರೆದೊಯ್ಯಲು ಅಣ್ಣ ಬರುವುದೆಂದು ನಿಶ್ಚಯವಾಯಿತು. ಅದಕ್ಕೆ ಮುಂಚಿನ ಭಾನುವಾರ ಇವರು ತಾಯಿಯನ್ನೂ ಬೆಟ್ಟಕ್ಕೆ ಹೊರಡಿಸಿದರು. ದೇವರ ದರ್ಶನ ಮುಗಿಸಿ ಬರುವಾಗ ಸೋನೆ ಆಗಷ್ಟೇ ನಿಂತಿತ್ತು. ಕೊಡೆಯಡಿ ಕಾಪಾಡಿಕೊಂಡಿದ್ದ ನನ್ನ ಸೆರಗಿಗೆ ಕಡ್ಡಿ ತಿಕ್ಕಿ ಮುಟ್ಟಿಸಿದರು. ಎಲೆಗಳು ದೂರ ಸರಿದವು, ಸರಿದಷ್ಟೇ ಬೇಗ ಬಂದು ಒಂದಕ್ಕೊಂದು ಆತುಕೊಂಡವು. ಇಷ್ಟು ಋಣ ಅಯಾನು ಇರುವ ಜಾಗ ಇಷ್ಟು ಹತ್ತಿರವಿರುವಾಗ ಚಳ್ಳಕೆರೆ ಏತಕ್ಕೆ, ವಾರಕ್ಕೊಮ್ಮೆ ಇಲ್ಲಿಗೆ ಕರೆತಂದರೆ ಸಾಕು ಎಂದು ತಾಯಿಗೆ ವಿವರಿಸಿದರು. ಅತ್ತೆಯ ಕಿವಿಗೆ ಅಯಾನು ಬೀಳಲೇ ಇಲ್ಲ, ಋಣ ಬಿತ್ತು. ಬಾಟಲಿಗೆ ಕೈಮುಗಿದರು.

“ಇವಳಿಗೆ ಇಲ್ಲಿನ ಗಾಳಿ ಋಣ ಇದೆ ಕಣೋ. ಎಲ್ಲಿಗೂ ಕಳಿಸ್ಬೇಡ.”

ಅಣ್ಣ ಬಂದ, ಹೋಳಿಗೆ ತಿಂದ, ಒಬ್ಬನೇ ಹೋದ. ಮುಂದೆ ಊದುಬತ್ತಿ ಶೆಡ್ಡು ಹೆಗ್ಗನಹಳ್ಳಿ ಕಡೆಗೆ ಹೋಯಿತು, ನನ್ನ ಉಬ್ಬಸವೂ ಇಳಿಯಿತು. ಅಯಾನಿನ ಕೀರ್ತಿಗೆ ಕುಂದು ಬಾರದಿರಲೆಂದು ಈ ಸಂಗತಿಯನ್ನು ನಾನು ಹೆಚ್ಚಾಗಿ ಎತ್ತುವುದಿಲ್ಲ.

ಯಂತ್ರದ ಮುಂದೆ ಕೂತು ಇದೆಲ್ಲ ನೆನೆಯುತ್ತ, ಆವತ್ತು ಎಲೆಗಳು ಅಷ್ಟು ಬೇಗ ಕೂಡಿದ್ದು ಅಯಾನಿನಿಂದಲೇ ಅಲ್ಲವೇ ಎಂದು ಇವರನ್ನು ಕೇಳಿದೆ. ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡರು.

“ಇಲ್ಲ ಕಣೇ. ಮುಚ್ಚಳ ಒದ್ದೆಯಾಗಿತ್ತು. ಒದ್ದೆ ಇದ್ರೆ ಚಾರ್ಜು ಸೋರಿಹೋಗಿ ಎಲ್ಲಿದ್ರೂ ಹಾಗೇ ಆಗತ್ತೆ, ನಮ್ಮನೇಲೂ.”

“ಆವಾಗ್ಲೇ ಗೊತ್ತಿತ್ತಾ ನಿಮ್ಗೆ?”

“ಗೊತ್ತಿತ್ತು. ಮಳೆ ದಿನ ನೋಡ್ಕೊಂಡೇ ಅಮ್ಮನ್ನ ಕರ್ಕೊಂಡ್ ಹೋದೆ. ನೀನು ಹೋಗ್ಬಿಟ್ಟಿದ್ರೆ ನಾನು ಏನ್ ಮಾಡ್ತಿದ್ದೆ?”

ಇಷ್ಟು ವರ್ಷ ನಾನು ಗಾಳಿಯ ಋಣವೆಂದೇ ನಂಬಿದ್ದೆ. ಅವರು ಹೇಳಿದ ಒಂದೇ ಒಂದು ಸುಳ್ಳಿನಿಂದ ನನ್ನ ಸಂಸಾರ ಉಳಿಯಿತೆಂದು ಈಗ ತಿಳಿಯಿತು. ಸೆರಗಿನಿಂದ ಕಣ್ಣೊರೆಸಿಕೊಂಡು ಅವರ ಬೆನ್ನು ನೀವುತ್ತ ಕೂತೆ. ಬಹಳ ಹೊತ್ತಿನ ಮೇಲೆ ಉಸಿರು ಸಲೀಸಾಯಿತು. ಯಂತ್ರದಿಂದಲೇ ಎಂದು ಮಗಳಿಗೆ ಹೇಳಿದ್ದೇನೆ.