ಬೀಗದಕ್ಕನ ಸೋಮವಾರ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಊರಿಗೆಲ್ಲ ಲಿಫ್ಟ್ ಕೂರಿಸುವ ಕಂಪನಿ ಇದು, ಆದರೆ ಇವರದೇ ಕಚೇರಿಯ ಲಿಫ್ಟ್ ಕೆಟ್ಟು ಕೂತು ವಾರವಾಗಿದೆ. ಈಕೆ ಊಟದ ಡಬ್ಬಿಯ ಚೀಲ ಹೆಗಲಿಗೆ ಹಾಕಿಕೊಂಡು, ನಡುನಡುವೆ ಮಂಡಿ ನೀವಿಕೊಳ್ಳುತ್ತ, ನಾಲ್ಕನೇ ಮಹಡಿಗೆ ಮೆಟ್ಟಿಲು ಹತ್ತಿ ಬರುತ್ತಾರೆ. ಝೆರಾಕ್ಸ್ ಯಂತ್ರದ ಪಕ್ಕದ ಮೂಲೆಯಲ್ಲಿ ಅವರ ಮೇಜು. ಎರಡು ಪರದೆ, ಕೈ ಮುರಿದ ಕಡೆ ಟೇಪು ಸುತ್ತಿದ ಕುರ್ಚಿ. ಉಸಿರು ಹದಕ್ಕೆ ಬರುವವರೆಗೆ ಸುಮ್ಮನೆ ಕೂತಿದ್ದು, ಸೆರಗಿನ ತುದಿಯಲ್ಲಿ ಕನ್ನಡಕ ಒರೆಸಿಕೊಂಡು, ಕೆಲಸ ಶುರು ಮಾಡುತ್ತಾರೆ.

ಇವತ್ತು ಗೋದಾಮಿಗೆ ಹೊಸ ಮೇಲ್ವಿಚಾರಕಿ ಬರುತ್ತಿದ್ದಾರೆ. ಅವರು ಬಾಗಿಲು ದಾಟುವ ಮೊದಲೇ ಅವರಿಗೊಂದು ಇಮೇಲ್ ವಿಳಾಸ ಸಿದ್ಧವಿರಬೇಕು. ಕಂಪನಿಯ ಡೈರೆಕ್ಟರಿಯಲ್ಲಿ ಅವರ ಹೆಸರು, ಫೋಟೊ, ವಿಭಾಗ, ಮೇಲಿನವರು ಯಾರು, ಯಾವ ಕಡತ ತೆರೆಯಬಹುದು, ಯಾವುದಕ್ಕೆ ಕೈ ಹಾಕಬಾರದು ಎಲ್ಲ ದಾಖಲಾಗಿರಬೇಕು. ಮೊದಲು ಈ ಡೈರೆಕ್ಟರಿ ನೆಲಮಹಡಿಯ ತಣ್ಣನೆಯ ಕೋಣೆಯಲ್ಲಿ ಗುಂಯ್‌ಗುಡುವ ಯಂತ್ರದಲ್ಲಿತ್ತು. ಈಗ ಕ್ಲೌಡ್‌ಗೆ ಹೋಗಿದೆ, ಅಂದರೆ ಎಲ್ಲೋ ದೂರದಲ್ಲಿ ಇನ್ನಾರದೋ ಯಂತ್ರಗಳಲ್ಲಿ ಬಾಡಿಗೆಗಿದೆ. ಈಕೆ ಹೊಸಬರ ಹೆಸರನ್ನೂ ವಿಭಾಗವನ್ನೂ ಬಾಯಿಬಿಟ್ಟು ಓದಿ, ಗುಂಡಿ ಒತ್ತುತ್ತಾರೆ. ಖಾತೆ ತೆರೆದುಕೊಳ್ಳುತ್ತದೆ. ಇನ್ನು ಅದರಿಂದ ಒಂದು ಮೇಲ್ ಕಳಿಸಿ, ಒಂದು ಉತ್ತರ ತರಿಸಿಕೊಂಡು ನೋಡುವುದಷ್ಟೇ ಬಾಕಿ. ಅಲ್ಲಿಗೆ ಬಂದು ಅವರ ಕೈ ನಿಲ್ಲುತ್ತದೆ.

ಕಚೇರಿಯಲ್ಲಿ ಎಲ್ಲರೂ ಅವರನ್ನು ಬೀಗದಕ್ಕ ಎನ್ನುತ್ತಾರೆ. ಪಾಸ್‌ವರ್ಡ್ ಮರೆತು ಬಾಗಿಲು ಮುಚ್ಚಿಕೊಂಡಾಗ ಮಾತ್ರ ಈ ಮೂಲೆಯ ನೆನಪಾಗುವುದರಿಂದ ಬಂದ ಹೆಸರು. ಎರಡು ಸಾವಿರಕ್ಕೆ ಮೇಲ್ಪಟ್ಟ ಖಾತೆಗಳು ಇವರ ಕೈಯಲ್ಲಿವೆ. ಬೆಳಗಾಗುತ್ತಿದ್ದಂತೆ ಫೋನ್ ಬಾಯಿ ಮಾಡಲು ಶುರು ಮಾಡುತ್ತದೆ. ಪಾಸ್‌ವರ್ಡನ್ನು ತಾವು ಮರೆತೇ ಇಲ್ಲ, ಕಂಪ್ಯೂಟರೇ ಮರೆತಿದೆ ಎಂದು ವಾದಿಸುವ ದೊಡ್ಡ ಮನುಷ್ಯರಿದ್ದಾರೆ. “ಅವರಿಗೆ ಹೌದು ಸಾರ್ ಅಂತೀನಿ,” ಎನ್ನುತ್ತಾರೆ ಬೀಗದಕ್ಕ. “ಕಂಪ್ಯೂಟರ್ ಏನು ಬೇಜಾರ್ ಮಾಡ್ಕೊಳ್ಳಲ್ಲ.”

ಅವರು ಈ ಕೆಲಸ ಓದಿ ಬಂದವರಲ್ಲ. ಕೆಳಗಿನ ಟೆಲಿಫೋನ್ ಬೋರ್ಡಿನ ಮುಂದೆ ಕೂತು ಕರೆಗಳನ್ನು ಆಚೀಚೆ ದಾಟಿಸುತ್ತಿದ್ದರು. ಬೋರ್ಡನ್ನು ಒಂದು ದಿನ ಕಿತ್ತು ಗುಜರಿಗೆ ಹಾಕಿದಾಗ ಆಕೆಯ ಕೆಲಸವೂ ಅದರ ಜೊತೆ ಹೋಗಬೇಕಿತ್ತು. ಆಗ ತಡೆದದ್ದು ಅಣ್ಣ. ಕಂಪನಿಯ ಡೈರೆಕ್ಟರಿಯನ್ನು ಮೊದಲಿನಿಂದ ಕಟ್ಟಿದ್ದು ಆತನೇ. ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಲೆಯ ಮೇಲೆ ಮೊಟಕಿ ಮೊಟಕಿ ಕಲಿಸಿದ. “ಯಾರ್ ಎಲ್ಲಿ ಕೂತಿದಾರೆ ಅಂತ ನಿಂಗೆ ಬಾಯಿಪಾಠ ಇದೆ. ಇದೂ ಅದೇ ಕಣೇ, ಹೆದರ್ಬೇಡ ಅಂತಿದ್ದ,” ಎಂದು ನೆನೆಯುತ್ತಾರೆ. ಅಣ್ಣನ ವಿಷಯ ಬಂದಾಗ ಅವರ ದನಿ ಸಲಿಗೆಗೆ ಇಳಿಯುತ್ತದೆ, ಕಣ್ಣು ಪರದೆಯ ಕಡೆಗೇ ಹೊರಳುತ್ತದೆ.

ಕಲಿಸುವಾಗ ಗದರದಿದ್ದ ಅಣ್ಣ ಒಮ್ಮೆ ಮಾತ್ರ ಗದರಿದ್ದನಂತೆ. ಕಂಪನಿಯಲ್ಲಿ ಒಂದೇ ಹೆಸರಿನ ಇಬ್ಬರಿದ್ದರು, ಒಬ್ಬರು ಲೆಕ್ಕದ ವಿಭಾಗದಲ್ಲಿ, ಇನ್ನೊಬ್ಬರು ಮಾರಾಟದಲ್ಲಿ. ಒಬ್ಬರು ಕೆಲಸ ಬಿಟ್ಟಾಗ ಈಕೆ ಇನ್ನೊಬ್ಬರ ಖಾತೆ ಅಳಿಸಿಬಿಟ್ಟರು. ಆ ಪುಣ್ಯಾತ್ಮ ಬೆಳಗ್ಗೆ ಬಂದು ನೋಡಿದರೆ ಕಂಪ್ಯೂಟರ್ ಒಳಗೆ ಬಿಡುತ್ತಿಲ್ಲ, ಡೈರೆಕ್ಟರಿಯಲ್ಲಿ ಹೆಸರಿಲ್ಲ. ಯಾರನ್ನೂ ಒಂದು ಮಾತು ಕೇಳಲಿಲ್ಲ. ನೀರಿನ ಬಾಟಲಿ, ಮಗಳ ಫೋಟೊ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋಗಿ, ಕೆಲಸ ಹೋಯಿತೆಂದು ಹೆಂಡತಿಯ ಮುಂದೆ ಅತ್ತರು. “ಖಾತೆ ವಾಪಸ್ ತಂದೆ, ಕಾಲಿಗೆ ಬೀಳೋದೊಂದು ಬಾಕಿ ಇತ್ತು. ಅಷ್ಟಾದ್ರೂ ಆಮೇಲೆ ಅವರು ದಿನಾ ಬೆಳಗ್ಗೆ ಹೆದರ್ಕೊಂಡೇ ಕಂಪ್ಯೂಟರ್ ಆನ್ ಮಾಡ್ತಿದ್ರು.” ಹೆಸರನ್ನೂ ವಿಭಾಗವನ್ನೂ ಗಟ್ಟಿಯಾಗಿ ಓದಿಯೇ ಗುಂಡಿ ಒತ್ತಬೇಕೆಂಬ ಕಟ್ಟಳೆಯನ್ನು ಅಣ್ಣ ಅಂದು ಹಾಕಿದ.

ಆರು ವರ್ಷದ ಹಿಂದೆ ಅಣ್ಣನಿಗೆ ಒಂದು ಚಿಕ್ಕ ಆಪರೇಷನ್ ಇತ್ತು. ಡಾಕ್ಟರೂ ಚಿಕ್ಕದೆಂದೇ ಹೇಳಿದ್ದರು. ಹಿಂದಿನ ಸಂಜೆ ಆತ ತನ್ನ ಮೇಲ್‌ಗೆ ಬಂದವರಿಗೆಲ್ಲ ತಾನಾಗಿಯೇ ಹೋಗುವ ಉತ್ತರವೊಂದನ್ನು ಹೊಂದಿಸಿಟ್ಟು ಹೊರಟ. “ನಾನು ರಜೆಯಲ್ಲಿದ್ದೇನೆ. ಸೋಮವಾರ ಬರುತ್ತೇನೆ. ಅವಸರವಿದ್ದರೆ ನನ್ನ ತಂಗಿಯನ್ನು ಕೇಳಿ, ಅವಳಿಗೆ ಎಲ್ಲ ಗೊತ್ತು.” ಆತ ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ. ಹದಿಮೂರು ದಿನ ಕಳೆದು ಬೀಗದಕ್ಕ ಕೆಲಸಕ್ಕೆ ಬಂದರು, ಏನು ಮಾಡಬೇಕೆಂದು ತೋಚದೆ ಅಣ್ಣನಿಗೇ ಒಂದು ಖಾಲಿ ಮೇಲ್ ಕಳಿಸಿದರು. ಕ್ಷಣದಲ್ಲಿ ಉತ್ತರ ಬಂತು. ಮತ್ತೆ ಕಳಿಸಿದರೆ ಬರಲಿಲ್ಲ. ಈ ಉತ್ತರಗಳ ನಿಯಮವೇ ಹಾಗೆ, ಒಬ್ಬರಿಗೆ ಒಂದೇ ಸಲ.

“ಅದನ್ನ ಆಫ್ ಮಾಡಿ ಆನ್ ಮಾಡಿದ್ರೆ ನಂಗೆ ಇನ್ನೊಂದ್ಸಲ ಬರ್ತಿತ್ತು,” ಎನ್ನುತ್ತಾರೆ. “ಆಫ್ ಮಾಡೋಕೆ ಕೈ ಬರ್ಲಿಲ್ಲ.”

ಆದರೆ ಹೊಸಬರ ಪಾಲಿನ ಉತ್ತರ ಹೊಸದಾಗಿಯೇ ಇರುತ್ತಿತ್ತು. ಹಾಗಾಗಿ ಹೊಸ ಖಾತೆ ತೆರೆದಾಗಲೆಲ್ಲ ಅದರಿಂದ ಮೊದಲ ಮೇಲನ್ನು ಅಣ್ಣನ ವಿಳಾಸಕ್ಕೆ ಕಳಿಸುವ ರೂಢಿ ಬಂತು. ಹೋದದ್ದೂ ತಿಳಿಯುತ್ತದೆ, ಬಂದದ್ದೂ ತಿಳಿಯುತ್ತದೆ, ಪರೀಕ್ಷೆಯೂ ಆಯಿತು. ಉತ್ತರವನ್ನು ಒಮ್ಮೆ ಓದಿಕೊಂಡು, ಹೊಸಬರಿಗೆ ಗೊಂದಲವಾಗದಂತೆ ಅಳಿಸಿಬಿಡುತ್ತಿದ್ದರು. ಈ ಆರು ವರ್ಷದಲ್ಲಿ ಕಂಪನಿ ಸೇರಿದ ಮೆಕ್ಯಾನಿಕ್ಕು, ವಕೀಲರು, ಕಡೆಗೆ ಈಗಿನ ಜನರಲ್ ಮ್ಯಾನೇಜರರೂ, ತಮಗೇ ಗೊತ್ತಿಲ್ಲದೆ, ಮೊದಲ ಮಾತನ್ನು ಆತನಿಂದಲೇ ಕೇಳಿದ್ದಾರೆ. ಮನೆಯಲ್ಲಿ ಅಮ್ಮನಿಗೂ ಇದು ಗೊತ್ತು. ಸಂಜೆ ಮಗಳು ಚಪ್ಪಲಿ ಬಿಡುವಾಗಲೇ, “ಇವತ್ತು ಹೊಸಬರು ಯಾರಾದ್ರೂ ಬಂದ್ರಾ? ಉತ್ತರ ಕೊಟ್ನಾ?” ಎಂದು ಕೇಳುತ್ತಾರೆ. ಕೊಟ್ಟ ಎಂದರೆ ಆ ರಾತ್ರಿ ಎರಡು ತುತ್ತು ಹೆಚ್ಚು ಉಣ್ಣುತ್ತಾರೆ.

ಕಳೆದ ತಿಂಗಳು ಭದ್ರತೆ ಪರಿಶೀಲಿಸಲು ಹೊರಗಿನವರೊಬ್ಬರು ಬಂದರು. ಸಂಬಳದ ಪಟ್ಟಿಯಲ್ಲಿಲ್ಲದ ಖಾತೆ ಡೈರೆಕ್ಟರಿಯಲ್ಲಿ ಏಕಿದೆ ಎಂದು ಒಂದೊಂದಾಗಿ ಕೇಳುತ್ತ ಅಣ್ಣನ ಹೆಸರಿಗೆ ಬಂದು ನಿಂತರು. ಇವರು ಎಲ್ಲಿದ್ದಾರೆ ಎಂದಾಗ ಬೀಗದಕ್ಕನ ಬಾಯಿಂದ ಬಂದದ್ದು, “ರಜೆಯಲ್ಲಿದಾರೆ.” ಆಮೇಲೆ ನಿಜ ಹೇಳಬೇಕಾಯಿತು. ಪರಿಶೀಲಕರು ಕೆಟ್ಟವರಲ್ಲ, ಪೆನ್ನು ಕೆಳಗಿಟ್ಟು, “ತೆಗೀಲೇಬೇಕಮ್ಮ” ಎಂದರು. ಕೇಳುವವರಿಲ್ಲದ ಖಾತೆಯೆಂದರೆ ಕಳ್ಳರಿಗೆ ತೆರೆದಿಟ್ಟ ಕಿಟಕಿ ಎಂಬುದು ಈಕೆಗೂ ಗೊತ್ತು. “ಬೇರೆಯವರದಾಗಿದ್ರೆ ನಾನೇ ಯಾವತ್ತೋ ತೆಗೆದು, ಇಟ್ಕೊಂಡವರಿಗೆ ಬೈತಿದ್ದೆ. ಏನಂತ ಜಗಳ ಆಡ್ಲಿ?”

ಉತ್ತರದ ಮಾತುಗಳನ್ನು ಬರೆದಿಟ್ಟುಕೊಳ್ಳಬಹುದಿತ್ತಲ್ಲ ಎಂದರೆ ಅಡ್ಡಡ್ಡ ತಲೆಯಾಡಿಸುತ್ತಾರೆ. “ಬರ್ಕೊಂಡ್ರೆ ಬರೀ ಅಕ್ಷರ. ನಾವು ಕಳ್ಸಿದ್ದಕ್ಕೆ ಅವನು ಮಾತಾಡ್ತಿದ್ದ, ನಂಗೆ ಬೇಕಿದ್ದಿದ್ದು ಅದು.” ಪರಿಶೀಲಕರು ಹೇಳಿದ ಮಾರನೆಯ ಬೆಳಗ್ಗೆ ಯಾರೂ ಬರುವ ಮೊದಲು ಅಣ್ಣನ ಹೆಸರನ್ನೂ ವಿಭಾಗವನ್ನೂ ಗಟ್ಟಿಯಾಗಿ ಓದಿದರು. ಅಣ್ಣನೇ ಹಾಕಿದ ಕಟ್ಟಳೆ ಅಲ್ಲವೇ. ನಡುವೆ ನಿಲ್ಲಿಸಿ, ನೀರು ಕುಡಿದು, ಮತ್ತೆ ಮೊದಲಿನಿಂದ ಓದಬೇಕಾಯಿತು. ಗುಂಡಿ ಒತ್ತಿದರು.

ಅಷ್ಟಕ್ಕೆ ಮುಗಿಯಲಿಲ್ಲ. ಅಳಿಸಿದ ಖಾತೆ ಮೂವತ್ತು ದಿನ ಬೇರೊಂದು ಪಟ್ಟಿಯಲ್ಲಿ ಬಿದ್ದಿರುತ್ತದೆ, ಪಕ್ಕದಲ್ಲೇ ‘ಮರಳಿ ತನ್ನಿ’ ಎಂಬ ಗುಂಡಿ ಇರುತ್ತದೆ. ದಿನ ಬೆಳಗಾದರೆ ಬೀಗದಕ್ಕ ಆ ಪಟ್ಟಿ ತೆರೆದು ನೋಡುತ್ತಿದ್ದರು, ಮುಚ್ಚುತ್ತಿದ್ದರು. ಸತ್ತವರನ್ನು ಒಂದು ಬೆರಳಿನಲ್ಲಿ ಕರೆತರಬಹುದು, ಆದರೆ ಕರೆತರಬಾರದು. ಇಂಥ ತಿಂಗಳು ಶತ್ರುವಿಗೂ ಬೇಡ. ಊಟ ಸೇರಲಿಲ್ಲ, ಫೋನಿನಲ್ಲಿ ಜನರ ಮೇಲೆ ರೇಗಿದರು, ಒಂದು ದಿನ ಝೆರಾಕ್ಸ್ ಯಂತ್ರದ ಹಿಂದೆ ಗೋಡೆಗೆ ಮುಖ ಮಾಡಿ ನಿಂತುಬಿಟ್ಟಿದ್ದರು. ಹೋದ ವಾರ ಮೂವತ್ತು ದಿನ ತುಂಬಿ, ಅಣ್ಣನ ಹೆಸರಿನ ಸಾಲು ತಾನಾಗಿಯೇ ಮಾಯವಾಯಿತು. ಅಮ್ಮನಿಗೆ ಯಾವುದನ್ನೂ ಹೇಳಿಲ್ಲ. ಕಂಪನಿ ಹೊಸಬರನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದರಿಂದ, “ಯಾರೂ ಬಂದಿಲ್ಲಮ್ಮ” ಎಂಬ ಮಾತಿನಲ್ಲೇ ತಿಂಗಳು ದಾಟಿತ್ತು.

ಇವತ್ತು ಒಬ್ಬರು ಬರುತ್ತಿದ್ದಾರೆ. ಈ ಮೇಲ್ವಿಚಾರಕಿಯ ಖಾತೆಯಿಂದ ಯಾರಿಗೆ ಬೇಕಾದರೂ ಮೇಲ್ ಕಳಿಸಿ ಪರೀಕ್ಷಿಸಬಹುದು, ತಮ್ಮ ವಿಳಾಸಕ್ಕೇ ಕಳಿಸಿ ತಾವೇ ಉತ್ತರಿಸಬಹುದು. ನಿಂತಿದ್ದ ಕೈ ಮತ್ತೆ ಆಡುತ್ತದೆ. ಬೆರಳುಗಳು ರೂಢಿಯಂತೆ ಅಣ್ಣನ ವಿಳಾಸವನ್ನೇ ಬರೆಯುತ್ತವೆ. ಬೀಗದಕ್ಕ ಅದನ್ನು ಅಳಿಸುವುದಿಲ್ಲ, ಕಳಿಸುತ್ತಾರೆ. ಮೊದಲಿಗಿಂತಲೂ ಬೇಗ ಉತ್ತರ ಬರುತ್ತದೆ. ಯಂತ್ರದ ಉತ್ತರ: ಈ ವಿಳಾಸದಲ್ಲಿ ಯಾರೂ ಇಲ್ಲ.

ಅವರು ಅದನ್ನು ಎರಡು ಸಲ ಓದುತ್ತಾರೆ. “ಹೋಗಿದ್ದೂ ಗೊತ್ತಾಯ್ತು, ಬಂದಿದ್ದೂ ಗೊತ್ತಾಯ್ತು,” ಎನ್ನುತ್ತಾರೆ. “ಖಾತೆ ಸರಿಯಾಗಿದೆ. ಕೆಲಸಕ್ಕೆ ಇಷ್ಟು ಸಾಕು ನೋಡಿ, ಅವನು ಬೇಕಾಗೇ ಇರ್ಲಿಲ್ಲ.” ಹೊಸಬರಿಗೆ ಗೊಂದಲವಾಗದಂತೆ ಅದನ್ನೂ ಅಳಿಸಿ, ರಿಂಗಾಗುತ್ತಿದ್ದ ಫೋನ್ ಎತ್ತಿಕೊಳ್ಳುತ್ತಾರೆ.

ಸಂಜೆ, ಎರಡು ಕೋಣೆಯ ಬಾಡಿಗೆ ಮನೆ. ಅಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕಾಲು ಚಾಚಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಾರೆ. ಮಗಳು ಚಪ್ಪಲಿ ಬಿಡುತ್ತಿದ್ದಂತೆ ಪ್ರಶ್ನೆ ಬರುತ್ತದೆ. ಬಂದರು ಎಂದೇ ಮಗಳು ಹೇಳುತ್ತಾರೆ, ಗೋದಾಮಿಗೆ ಒಬ್ಬರು.

“ಉತ್ತರ ಕೊಟ್ನಾ?”

ಸುಳ್ಳು ನಾಲಿಗೆಯ ತುದಿಯವರೆಗೆ ಬಂದಿತ್ತೆಂದು ಬೀಗದಕ್ಕ ಆಮೇಲೆ ಒಪ್ಪಿಕೊಳ್ಳುತ್ತಾರೆ. ಆದರೆ ಅವರು ಅಮ್ಮನ ಪಕ್ಕ ನೆಲಕ್ಕೆ ಕೂತು, ಖಾತೆ ತೆಗೆದದ್ದನ್ನು ಹೇಳುತ್ತಾರೆ. ತೆಗೆದದ್ದು ತಾನೇ ಎಂಬುದನ್ನೂ ಹೇಳುತ್ತಾರೆ. “ಇವತ್ತು ಕಳ್ಸಿದ್ದಕ್ಕೆ ಅಲ್ಲಿ ಯಾರೂ ಇಲ್ಲ ಅಂತ ಬಂತಮ್ಮ.”

ಅಮ್ಮ ಕೈಯಲ್ಲಿದ್ದ ಎಸಳನ್ನು ಸುಲಿದು ಮುಗಿಸುತ್ತಾರೆ. ಸಿಪ್ಪೆಯನ್ನು ಬದಿಗೆ ಸರಿಸುತ್ತಾರೆ.

“ಇಷ್ಟ್ ವರ್ಷ ಸೋಮವಾರ ಬರ್ತೀನಿ, ಸೋಮವಾರ ಬರ್ತೀನಿ ಅಂತ ಕಾಯಿಸ್ದ,” ಎನ್ನುತ್ತಾರೆ. “ಈಗಾದ್ರೂ ನಿಜ ಹೇಳ್ದ ಬಿಡು.”