ಯಾವ ಭಾಷೆಯಲ್ಲೂ ಹೇಳಲಾಗದ್ದು

ಮಿಲಿಟರಿಯಲ್ಲಿ ಪ್ರಮೋಷನ್ ಬೇಕಾದರೆ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು ಅಂದರು ನಮ್ಮ ಸಾಹೇಬರು. ಆಫೀಸು ಗುಮಾಸ್ತರಿಗೆಂದು ಮಾಡಿದ ಪರೀಕ್ಷೆ. ಗಡಿ ಕಾಯುವ ನನಗೂ ಅದೇ. ರಜೆಯಲ್ಲಿ ಆಂಧ್ರದ ಅಂಚಿನ ನಮ್ಮೂರು ಸೆಟ್ಟೂರಿಗೆ ಬಂದವನು ಹಿಂದೂಪುರದ ಪರೀಕ್ಷಾ ಸೆಂಟರಿಗೆ ಹೋದೆ. ಬರೆಯುವುದು ಹೇಗೋ ಮುಗಿಯಿತು. ಆಮೇಲೆ ಮಾತಾಡುವ ಪರೀಕ್ಷೆ. ವಯಸ್ಸಾದ ಮೇಷ್ಟ್ರೊಬ್ಬರು, ನೀನು ಕೆಲಸ ಮಾಡುವ ಜಾಗ ಹೇಗಿದೆ ಹೇಳು ಅಂತ ಇಂಗ್ಲಿಷಿನಲ್ಲಿ ಕೇಳಿದರು.

ನನಗೆ ದಿಗಿಲಾಯಿತು. ನಮ್ಮ ಗಡಿ ಠಾಣೆಯ ವಿಷಯ ಹೆಂಡತಿಗೂ ಹೇಳುವಂತಿಲ್ಲ. ಇವರಿಗೆ ಬೇಕಾಗಿರುವುದು ನನ್ನ ಇಂಗ್ಲಿಷೋ, ನಮ್ಮ ಗುಟ್ಟೋ?

“ಐ ಕೆನಾಟ್ ಟೆಲ್, ಸರ್” ಅಂದೆ.

ಮೇಷ್ಟ್ರು ಕನಿಕರದಿಂದ ನೋಡಿದರು. “ಇಂಗ್ಲಿಷ್ ಬರ್ದಿದ್ರೆ ಕನ್ನಡದಾಗೇ ಹೇಳಪ್ಪ, ಪರ್ವಾಲೇದು.”

“ಕನ್ನಡದಾಗೂ ಹೇಳಕ್ಕಾಗಲ್ಲ ಸಾರ್.”

“ತೆಲುಗು?”

“ಅದ್ರಾಗೂ ಆಗಲ್ಲ ಸಾರ್.”

ಅವರು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿಕೊಂಡರು. “ಮತ್ಯಾವ ಭಾಷೆ ಬತ್ತದಪ್ಪ ನಿಂಗೆ?”

ಎದ್ದು ನಿಂತು ಸೆಲ್ಯೂಟ್ ಹೊಡೆದೆ. ಅವರು ತಲೆಯಾಡಿಸಿ, ಹೋಗು ಅಂದರು.

ಪಾಸಾದೆ. ನನ್ನ ಇಂಗ್ಲಿಷ್ ಮೆಚ್ಚಿ ಮಾರ್ಕು ಕೊಟ್ಟರೋ, ಒಂದು ಭಾಷೆಯೂ ಬಾರದೆ ದೇಶ ಕಾಯುತ್ತಿದ್ದಾನಲ್ಲ ಪಾಪ ಅಂತ ಕೊಟ್ಟರೋ, ಇವತ್ತಿಗೂ ತಿಳಿದಿಲ್ಲ.