ಹನಿಯಕ್ಕನ ಲೆಕ್ಕಕ್ಕೆ ಸಿಗದ ನೀರು

ಮಕ್ಕಳ ತೀವ್ರ ನಿಗಾ ಘಟಕದಲ್ಲಿ ಆ ಹಿರಿಯ ನರ್ಸನ್ನು ಎಲ್ಲರೂ ಹನಿಯಕ್ಕ ಎಂದೇ ಕರೆಯುತ್ತಿದ್ದರು. ಮಗುವಿನ ಮೈಗೆ ಹೋದ ನೀರೆಷ್ಟು, ಮೈಯಿಂದ ಹೊರಬಂದದ್ದೆಷ್ಟು ಎಂಬುದು ಗಂಟೆ ಗಂಟೆಗೂ ಅವಳ ಹಾಳೆಗೆ ಏರಬೇಕು. ಒದ್ದೆ ಡೈಪರನ್ನೂ ತೂಗದೆ ಬುಟ್ಟಿಗೆ ಎಸೆದವಳಲ್ಲ. "ಮನೇಲಿ ಚಹಾನೂ ಸಿರಿಂಜಲ್ಲೇ ಅಳೆದು ಕೊಡ್ತಾಳೆ" ಎಂದು ಗಂಡ ನೆಂಟರ ಮುಂದೆ ಕಾಲೆಳೆಯುತ್ತಿದ್ದ. "ಸಕ್ಕರೆ ಕಾಯಿಲೆಯವರಿಗೆ ಅಳತೆ ಇರಲೇಬೇಕು" ಎಂದು ಅವಳೂ ಬಾಯಿ ಮುಚ್ಚಿಸುತ್ತಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಒಂದು ಹನಿಯೂ ತನ್ನ ಕಣ್ಣು ತಪ್ಪಿಸಿಲ್ಲ ಎಂದೇ ಅವಳು ನಂಬಿದ್ದಳು.

ಮೂರನೆಯ ಹಾಸಿಗೆಯಲ್ಲಿ ಆರು ವರ್ಷದ ಹುಡುಗಿಯೊಬ್ಬಳಿದ್ದಳು. ಸೋಂಕು ರಕ್ತಕ್ಕೆ ಹರಡಿ, ರಕ್ತದೊತ್ತಡ ಕುಸಿದು ಬಂದವಳು. ಮೊದಲ ದಿನ ಧಾರಾಳವಾಗಿ ಡ್ರಿಪ್ ಹಾಕಿದ್ದರಿಂದಲೇ ಜೀವ ಉಳಿದಿತ್ತು. ಐದನೆಯ ದಿನಕ್ಕೆ ಒತ್ತಡವೇನೋ ಸರಿಹೋಯಿತು. ವೆಂಟಿಲೇಟರ್ ಬಿಡಿಸುವುದು ಮಾತ್ರ ಆಗುತ್ತಿರಲಿಲ್ಲ.

ಅಂದು ಬೆಳಿಗ್ಗೆ ಹುಡುಗಿಯ ತಾಯಿ ಬಂದಳು. ಬಟ್ಟೆ ಹೊಲಿದು ಜೀವನ ಮಾಡುವವಳು. ಮಗಳ ಕೈ ಸವರುತ್ತ ಕೇಳಿದಳು: "ಅಕ್ಕಾ, ಕೈಗೆ ಕಟ್ಟಿರೋ ಈ ಹೆಸರಿನ ಪಟ್ಟಿ ಮೊದಲ ದಿನ ಮೂರನೇ ತೂತಲ್ಲಿತ್ತು. ಈಗ ಕೊನೇದಕ್ಕೆ ಹೋಗಿದೆ. ಊಟನೇ ಇಲ್ಲದ ಮಗು ದಪ್ಪ ಆಗುತ್ತಾ?"

ಹನಿಯಕ್ಕ ಹಾಳೆ ತೆಗೆದು ನೋಡಿದಳು. ಮೈಯಲ್ಲಿ ಉಳಿದದ್ದು ಸುಮಾರು ಒಂದೂಕಾಲು ಲೀಟರ್ ಎನ್ನುತ್ತಿತ್ತು ಹಾಳೆ. ಹಾಸಿಗೆಗೇ ಅಳವಡಿಸಿದ್ದ ತೂಕದ ಯಂತ್ರ ಒತ್ತಿದಳು. ಹದಿನೆಂಟು ಕಿಲೋ ಇದ್ದವಳು ಇಪ್ಪತ್ತೂವರೆ ತೂಗುತ್ತಿದ್ದಳು. ಮಿಕ್ಕ ನೀರು ಎಲ್ಲಿಂದ ಬಂತು? ಟ್ರೇಯ ಕಡೆ ಕಣ್ಣು ಹೋಯಿತು. ಔಷಧಿ ಕದಡುವ ನೀರು, ಪ್ರತಿ ಔಷಧಿಯ ಹಿಂದೆಯೇ ಕೊಳವೆ ತೊಳೆಯಲು ಬಿಡುವ ನೀರು. ಒಂದು ಸಲಕ್ಕೆ ಐದು ಎಂಎಲ್, ದಿನಕ್ಕೆ ಹತ್ತಾರು ಸಲ. ಅಚ್ಚಾದ ಹಾಳೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಅವಳೂ ಬರೆದಿರಲಿಲ್ಲ.

ಅಷ್ಟರಲ್ಲಿ ಕಿರಿಯ ಡಾಕ್ಟರ್ ಬಂದ. "ಮೂತ್ರ ಕಮ್ಮಿ ಆಗಿದೆ ಸಿಸ್ಟರ್. ಇನ್ನೊಂದು ಬಾಟಲಿ ಹಾಕಿಬಿಡೋಣ."

"ಬೇಡ ಡಾಕ್ಟ್ರೇ, ಸ್ವಲ್ಪ ತಡೀರಿ. ಮಗುಗೆ ನೀರು ಸಾಲದೇ ಅಲ್ಲ, ಹೆಚ್ಚಾಗಿ ಕಷ್ಟ ಆಗ್ತಿದೆ. ಹಾಳೆ ತಪ್ಪಿದೆ." ಮತ್ತೆ ಸೇರಿಸಿದಳು: "ಬರೆದೋಳು ನಾನೇ."

ಅವನು ಹಿರಿಯ ಡಾಕ್ಟರನ್ನು ಕರೆತಂದ. ಅವರು ಹೃದಯ, ಶ್ವಾಸಕೋಶಗಳನ್ನು ಸ್ಕ್ಯಾನ್ ಮಾಡಿ ನೋಡಿ ತಲೆಯಾಡಿಸಿದರು. "ಶ್ವಾಸಕೋಶದಲ್ಲೆಲ್ಲ ನೀರು. ಔಷಧಿಗಳನ್ನ ಅರ್ಧ ನೀರಲ್ಲೇ ಕದಡಿ. ಮೂತ್ರ ಹೆಚ್ಚಿಸೋ ಇಂಜೆಕ್ಷನ್ ಶುರು ಮಾಡೋಣ, ಆದರೆ ನಿಧಾನ. ನೀರನ್ನ ಒಂದೇ ಸಲ ಎಳೆದರೆ ಒತ್ತಡ ಮತ್ತೆ ಕುಸಿಯುತ್ತೆ. ಸಂಜೆಯೊಳಗೆ ಇಳಿಯದಿದ್ದರೆ ಡಯಾಲಿಸಿಸ್."

ಹನಿಯಕ್ಕ ಹಾಸಿಗೆಯ ಪಕ್ಕ ಸ್ಟೂಲ್ ಎಳೆದುಕೊಂಡು ಕೂತಳು. ಮೊದಲ ಗಂಟೆ ಮೂತ್ರದ ಚೀಲಕ್ಕೆ ಬಿದ್ದದ್ದು ಬರೀ ಹದಿನೈದು ಎಂಎಲ್. ಎರಡನೆಯ ಗಂಟೆ ನಲವತ್ತು. ಊಟದ ಡಬ್ಬಿ ತೆರೆಯದೆ ಹಾಗೇ ಉಳಿಯಿತು. ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಚೀಲ ತುಂಬಿ ಬರತೊಡಗಿತು, ಒತ್ತಡವೂ ಅಲುಗಲಿಲ್ಲ. ಹೊರಗೆ ಬೆಂಚಿನ ಮೇಲಿದ್ದ ತಾಯಿಗೆ ಹೋಗಿ ಹೇಳಿದಳು: "ಮೂತ್ರ ಚೆನ್ನಾಗಿ ಬರ್ತಿದೆ ಕಣಮ್ಮ. ನೀನು ಕೇಳಿದ್ದು ಒಳ್ಳೇದಾಯ್ತು."

ತಾಯಿ ನಕ್ಕಳು, ನಗುತ್ತಲೇ ಅತ್ತಳು. "ಹಾಸಿಗೆ ಒದ್ದೆ ಮಾಡ್ತಾಳೆ ಅಂತ ದಿನಾ ಬೈತಿದ್ದೆ ಅಕ್ಕಾ. ಇನ್ಮೇಲೆ ತುಟಿ ಪಿಟಕ್ ಅನ್ನಲ್ಲ."

ಆ ವಾರವೇ ಹಾಳೆಗೆ ಹೊಸದೊಂದು ಸಾಲು ಸೇರಿತು. ಅದನ್ನು ತುಂಬುವಷ್ಟರಲ್ಲಿ ಕೈ ಸೋತುಹೋಗುತ್ತದೆ ಎಂದು ಕಿರಿಯ ನರ್ಸ್‌ಗಳು ಗೊಣಗಿದರು. ಹನಿಯಕ್ಕ ಅವರನ್ನು ಗದರಲಿಲ್ಲ. ತಾನು ತಪ್ಪಿದ್ದು ಹೇಗೆಂದು ಕೂರಿಸಿಕೊಂಡು ಹೇಳಿದಳು.

ನೀರು ಇಳಿಯತೊಡಗಿದ ನಾಲ್ಕನೆಯ ದಿನ ಹುಡುಗಿಯ ಗಂಟಲಿನ ಕೊಳವೆ ತೆಗೆದರು. ಮುಖದ ಊತವೆಲ್ಲ ಇಳಿದು, ಗಲ್ಲದ ಗುಳಿ ಕಾಣುತ್ತಿತ್ತು. ಒಡಕು ದನಿಯಲ್ಲಿ ಅವಳು ಮೊದಲು ಕೇಳಿದ್ದು ನೀರನ್ನೇ. ಇನ್ನೂ ಕೆಲವು ಗಂಟೆ ಕುಡಿಯುವಂತಿಲ್ಲವೆಂದು ಹನಿಯಕ್ಕ ಒದ್ದೆ ಹತ್ತಿಯಿಂದ ತುಟಿ ಒರೆಸಿದಳು. ಹುಡುಗಿ ಮುಖ ತಿರುಗಿಸಿಕೊಂಡು ಅಂದಳು: "ನಿನ್ನ ಜೊತೆ ಟೂ."